ನೀವು ಹಾಕದೆ ಬಿಟ್ಟ ಇನ್ನೊಂದು ಚಿತ್ರ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಮಕ್ಕಳಾಗದಿರುವುದರ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಲೇಖನ ಕೆಟ್ಟದಾಗೇನೂ ಇರಲಿಲ್ಲ. ಜೊತೆಗೆ ಎರಡು ಚಿತ್ರ ಹಾಕಿದ್ದಿರಿ. ಒಂದರಲ್ಲಿ ಕಿಟಕಿ ಪಕ್ಕ ತಲೆ ತಗ್ಗಿಸಿ ಕೂತ ಹೆಂಗಸು. ಇನ್ನೊಂದರಲ್ಲಿ ಗರ್ಭಕೋಶ, ಅಂಡಾಶಯ, ಅಂಡನಾಳ. ಒಂದೊಂದಕ್ಕೂ ಬಾಣದ ಗುರುತು, ಪಕ್ಕದಲ್ಲಿ ಹೆಸರು. ಗಂಡಸಿನ ವಿಷಯ ಬಂದಿದ್ದು ಕೊನೆಯ ಪ್ಯಾರಾದಲ್ಲಿ, ಒಂದೂವರೆ ಸಾಲು: ‘ಪುರುಷರಲ್ಲೂ ಕೆಲವೊಮ್ಮೆ ದೋಷವಿರಬಹುದು.’

ಆ ‘ಕೆಲವೊಮ್ಮೆ’ ಅನ್ನುವ ಪದ ನೋಡಿ ಈ ಪತ್ರ ಬರೆಯಲು ಕೂತೆ.

ನಾನು ಲ್ಯಾಬ್ ಟೆಕ್ನಿಷಿಯನ್. ಹೆಂಗಸು, ವಯಸ್ಸು 51. ವೀರ್ಯ ಪರೀಕ್ಷೆ ಮಾಡುವುದು ನನ್ನ ಕೆಲಸ, 24 ವರ್ಷದಿಂದ. ಯಾರಾದರೂ ಕೇಳಿದರೆ ನಮ್ಮ ಅತ್ತೆ ಈಗಲೂ ‘ರಕ್ತ ಪರೀಕ್ಷೆ ಮಾಡ್ತಾಳೆ’ ಅನ್ನುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ದಿನಾ ನೋಡುವುದು ಒಂದೇ ದೃಶ್ಯ. ಹೆಂಡತಿಯ ಕೈಯಲ್ಲಿ ದಪ್ಪ ಫೈಲು. ಸ್ಕ್ಯಾನು, ಹಾರ್ಮೋನು, ಅಂಡನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆದ ಎಕ್ಸ್‌ರೇ, ಕೆಲವರಿಗೆ ಹೊಟ್ಟೆಯಲ್ಲಿ ತೂತು ಮಾಡಿ ನೋಡಿದ್ದೂ ಆಗಿರುತ್ತದೆ. ಗಂಡನ ಒಂದು ಸೀಮನ್ ರಿಪೋರ್ಟ್ ಮಾತ್ರ ಇರುವುದಿಲ್ಲ. ಸೂಜಿ ಇಲ್ಲ, ಕತ್ತರಿ ಇಲ್ಲ, ಒಂದು ಡಬ್ಬಿ ಸಾಕು. ಅದಕ್ಕೆ ಮೂರು ವರ್ಷ, ನಾಲ್ಕು ವರ್ಷ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಅರ್ಧ ಅಂದರೆ ಕೆಲವೊಮ್ಮೆ ಅಲ್ಲ, ಅಲ್ವಾ?

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಗಂಡಸಿನ ಚಿತ್ರವನ್ನೂ ಹಾಕಿ. ಅದೇ ಅಳತೆಯಲ್ಲಿ, ಬಾಣದ ಗುರುತಿನ ಸಮೇತ. ಅಡಿಬರಹ ಯಾರ ಹತ್ತಿರ ಬರೆಸುವುದು ಅಂತ ಯೋಚನೆ ಬೇಡ. ನಾನೇ ಬರೆದು ಕೊಡುತ್ತೇನೆ.

ವೃಷಣದಿಂದ ಶುರು ಮಾಡೋಣ. ಎರಡು, ಒಂದೊಂದೂ ನಾಲ್ಕೈದು ಸೆಂಟಿಮೀಟರ್ ಉದ್ದ, ಮೊಟ್ಟೆಯಾಕಾರ. ಇಷ್ಟು ಮುಖ್ಯವಾದ ಅಂಗ ದೇಹದ ಒಳಗೆ ಭದ್ರವಾಗಿ ಇರೋದು ಬಿಟ್ಟು ಹೊರಗೆ ಚೀಲದಲ್ಲಿ ಯಾಕೆ ತೂಗಾಡುತ್ತಿದೆ ಅಂತ ಎಷ್ಟೋ ಜನ ಯೋಚಿಸಿಯೇ ಇರುವುದಿಲ್ಲ. ವೀರ್ಯಾಣು ತಯಾರಾಗಬೇಕಾದರೆ ಮೈಯ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಚಳಿಗೆ ಚೀಲ ಮುದುಡಿ ಮೇಲಕ್ಕೆ ಹೋಗುತ್ತದೆ, ಸೆಖೆಗೆ ಸಡಿಲವಾಗಿ ಇಳಿಬೀಳುತ್ತದೆ. ಅದು ತಾನಾಗಿಯೇ ಮಾಡಿಕೊಳ್ಳುವ ಹೊಂದಾಣಿಕೆ. ಇನ್ನೂ ಒಂದು ಉಪಾಯ ಇದೆ. ಒಳಗೆ ಬರುವ ಬಿಸಿ ರಕ್ತದ ನಾಳದ ಸುತ್ತ, ವಾಪಸ್ ಹೋಗುವ ತಂಪು ರಕ್ತದ ನಾಳಗಳು ಬಳ್ಳಿಯಂತೆ ಸುತ್ತಿಕೊಂಡಿವೆ. ಬರುವ ರಕ್ತ ದಾರಿಯಲ್ಲೇ ತಣ್ಣಗಾಗುತ್ತದೆ. ಈ ಬಳ್ಳಿಯಂಥ ನಾಳಗಳೇ ಉಬ್ಬಿಕೊಂಡರೆ ಅದಕ್ಕೆ ವೇರಿಕೋಸೀಲ್ ಅನ್ನುತ್ತಾರೆ. ಜಾಸ್ತಿ ಎಡಗಡೆಯೇ ಬರುತ್ತದೆ. ಗಂಡಸರಲ್ಲಿ ಸುಮಾರು 15 ಪರ್ಸೆಂಟ್ ಜನರಿಗೆ ಇರುತ್ತದೆ, ಎಷ್ಟೋ ಜನರಿಗೆ ಗೊತ್ತೂ ಇರುವುದಿಲ್ಲ. ಮಗು ಹುಟ್ಟಿದಾಗ ವೃಷಣ ಚೀಲಕ್ಕೆ ಇಳಿದಿದೆಯಾ ಅಂತ ಡಾಕ್ಟರು ಮುಟ್ಟಿ ನೋಡುವುದೂ ಈ ತಂಪಿನ ವಿಷಯಕ್ಕೇ. ಹೊಟ್ಟೆಯಲ್ಲೇ ಉಳಿದುಕೊಂಡರೆ ವೀರ್ಯಾಣು ಸರಿಯಾಗಿ ಆಗುವುದಿಲ್ಲ, ಮುಂದೆ ಕ್ಯಾನ್ಸರಿನ ಭಯವೂ ಹೆಚ್ಚು. ಆರು ತಿಂಗಳಾದರೂ ಇಳಿಯದಿದ್ದರೆ ಕಾಯುತ್ತ ಕೂರಬಾರದು.

ಈಗ ಒಳಗೆ. ವೃಷಣ ಕುಯ್ದರೆ ಗಟ್ಟಿ ಗಡ್ಡೆ ಏನೂ ಸಿಗಲ್ಲ. ಅದು ನೂಲಿನುಂಡೆ. ಕೂದಲಿನಷ್ಟು ಸಣ್ಣ ಕೊಳವೆಗಳು ಮಡಿಸಿ ತುರುಕಿದಂತಿವೆ. ಬಿಡಿಸಿ ಸಾಲಾಗಿ ಇಟ್ಟರೆ ನೂರಾರು ಮೀಟರ್. ಈ ಕೊಳವೆಗಳ ಗೋಡೆಯಲ್ಲಿ ವೀರ್ಯಾಣು ಹುಟ್ಟುತ್ತವೆ. ಹೊರ ಅಂಚಿನ ಸಾಮಾನ್ಯ ಕೋಶ ಒಡೆದು ಒಡೆದು, ವರ್ಣತಂತುಗಳನ್ನು 46ರಿಂದ 23ಕ್ಕೆ ಇಳಿಸಿಕೊಂಡು, ಕೊನೆಗೆ ಬಾಲ ಮೂಡಿಸಿಕೊಂಡು ನಡುವಿನ ಟೊಳ್ಳಿಗೆ ಬೀಳುತ್ತದೆ. ಆರೋಗ್ಯವಂತ ಗಂಡಸಿನಲ್ಲಿ ನಾವು ಒಂದು ಸಲ ಉಸಿರು ಎಳೆದು ಬಿಡುವಷ್ಟರಲ್ಲಿ ಸಾವಿರಾರು ತಯಾರಾಗುತ್ತವೆ. ಆದರೆ ಒಂದೊಂದಕ್ಕೂ ಹಿಡಿಯುವ ಕಾಲ ಎರಡು ತಿಂಗಳಿಗಿಂತ ಜಾಸ್ತಿ. ಆಮೇಲೆ ಹೊರಗೆ ಬರುವ ದಾರಿಗೆ ಇನ್ನೊಂದಷ್ಟು ದಿನ.

ಈ ಲೆಕ್ಕ ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಅಳು ಆಗಿದೆಯೋ. ಒಬ್ಬ ಹುಡುಗ, ಮದುವೆಯಾಗಿ ಎರಡು ವರ್ಷ. ರಿಪೋರ್ಟಿನಲ್ಲಿ ಒಂದು ಮಿಲಿಲೀಟರಿಗೆ 30 ಲಕ್ಷ. ಕನಿಷ್ಠ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಗೆರೆ 1 ಕೋಟಿ 60 ಲಕ್ಷ. ಹುಡುಗ ರಿಪೋರ್ಟ್ ಹಿಡಿದು ಕಾರಿಡಾರಿನಲ್ಲೇ ಕೂತುಬಿಟ್ಟ. ನಾನು ಹತ್ತಿರ ಹೋಗಿ, ‘ಏನಪ್ಪಾ, ಎರಡು ಮೂರು ತಿಂಗಳ ಹಿಂದೆ ಜ್ವರ ಗಿರ ಬಂದಿತ್ತಾ?’ ಅಂದೆ. ‘ಹೌದು ಮೇಡಂ, ಟೈಫಾಯ್ಡ್. ಹತ್ತು ದಿನ ಮಲಗಿಬಿಟ್ಟಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?’ ಸಂಬಂಧ ಇದೆ. ಇವತ್ತು ಡಬ್ಬಿಗೆ ಬಂದಿದ್ದು ಜ್ವರದ ದಿನಗಳಲ್ಲಿ ಹುಟ್ಟಿದ ವೀರ್ಯಾಣು. ಡಾಕ್ಟರು ಮೂರು ತಿಂಗಳು ಬಿಟ್ಟು ಬರಲು ಹೇಳಿದರು. ಬಂದ. ಆ ಸಲ 4 ಕೋಟಿ ದಾಟಿತ್ತು. ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ. ಇನ್ನೊಂದು ಮಾತು. ಆ 1 ಕೋಟಿ 60 ಲಕ್ಷದ ಗೆರೆಯ ಕೆಳಗಿದ್ದರೆ ಮಕ್ಕಳೇ ಆಗಲ್ಲ ಅಂತಲ್ಲ. ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನೇ ಲೆಕ್ಕ ಹಾಕಿದಾಗ, ನೂರಕ್ಕೆ ಐದು ಜನ ಆ ಗೆರೆಯ ಕೆಳಗೇ ಇದ್ದರು.

ಕೊಳವೆಗಳ ನಡುವಿನ ಸಂದಿಯಲ್ಲಿ ಬೇರೆ ಕೋಶಗಳಿವೆ. ಅವು ಟೆಸ್ಟೋಸ್ಟೆರೋನ್ ಮಾಡುತ್ತವೆ. ಗಡ್ಡ, ಒಡೆದ ದನಿ, ಮಾಂಸಖಂಡ, ಆಸೆ ಎಲ್ಲ ಅದರದ್ದು. ಅಂದರೆ ಒಂದೇ ಸೂರಿನಡಿ ಎರಡು ಕಾರ್ಖಾನೆ. ಎರಡಕ್ಕೂ ಆಜ್ಞೆ ಬರುವುದು ತಲೆಯಿಂದ, ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಇಲ್ಲಿ ನನಗೆ ತುಂಬಾ ಹೊಟ್ಟೆ ಉರಿಸಿದ ಒಂದು ಕೇಸು ಹೇಳಬೇಕು. ಬಾಗಿಲು ತುಂಬುವಂಥ ಎದೆ, ತೊಡೆಯಷ್ಟು ದಪ್ಪ ತೋಳು, ಜಿಮ್ಮಿನ ಹುಡುಗ. ಸ್ಲೈಡಿನಲ್ಲಿ ಒಂದೂ ವೀರ್ಯಾಣು ಇಲ್ಲ, ಸೊನ್ನೆ. ಅವನು ಮೈ ಬರಲಿ ಅಂತ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ತಗೊಳ್ತಾ ಇದ್ದ. ಹೊರಗಿಂದ ಹಾರ್ಮೋನ್ ಬಂದು ರಕ್ತ ತುಂಬಿದಾಗ ಪಿಟ್ಯುಟರಿ ಏನು ತಿಳಿಯುತ್ತದೆ? ಬೇಕಾದಷ್ಟು ಇದೆ, ಇನ್ನು ಕೆಲಸ ನಿಲ್ಲಿಸಿ ಅನ್ನುತ್ತದೆ. ವೃಷಣ ಎರಡೂ ಕಾರ್ಖಾನೆಗೆ ಬೀಗ ಹಾಕುತ್ತದೆ, ಗಾತ್ರದಲ್ಲೂ ಕುಗ್ಗುತ್ತದೆ. ಗಂಡಸುತನ ಜಾಸ್ತಿ ಮಾಡುತ್ತೆ ಅಂತ ಕೊಟ್ಟ ಔಷಧಿ. ಇಂಜೆಕ್ಷನ್ ಬಿಟ್ಟ ಮೇಲೆ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಆದರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೆ.

ವೃಷಣದ ಹಿಂದೆ ಅಂಟಿಕೊಂಡಂತೆ ಎಪಿಡಿಡಿಮಿಸ್ ಇದೆ. ಮುಟ್ಟಿದರೆ ಮೆತ್ತಗಿನ ಏಣಿನಂತೆ ಸಿಗುತ್ತದೆ. ಇದನ್ನೇ ಗಂಟು ಅಂದುಕೊಂಡು ಹೆದರುವವರಿದ್ದಾರೆ. ಬಿಡಿಸಿದರೆ ಸುಮಾರು ಆರು ಮೀಟರ್ ಉದ್ದದ ಒಂದೇ ನಾಳ. ವೃಷಣದಿಂದ ಹೊರಟ ವೀರ್ಯಾಣುವಿಗೆ ಬಾಲ ಇರುತ್ತದೆ, ಈಜು ಬರುವುದಿಲ್ಲ. ಈ ನಾಳದಲ್ಲಿ ಸಾಗುವಾಗ ಕಲಿಯುತ್ತದೆ. ಕಾಯುವ ಕೋಣೆಯೂ ಇದೇ. ಇಲ್ಲಿಂದ ವೀರ್ಯನಾಳ ಹೊರಟು ಹೊಟ್ಟೆಯೊಳಗೆ ಏರಿ, ಮೂತ್ರಕೋಶದ ಹಿಂದೆ ಬಳಸಿ ಕೆಳಗಿಳಿಯುತ್ತದೆ. ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವುದು ಇದನ್ನೇ. ಹಾರ್ಮೋನ್ ಈ ನಾಳದಲ್ಲಿ ಹೋಗುವುದಿಲ್ಲ, ರಕ್ತದಲ್ಲಿ ಹೋಗುತ್ತದೆ. ಆದ್ದರಿಂದ ಶಕ್ತಿ ಕುಂದುತ್ತೆ, ದನಿ ಸಣ್ಣಗಾಗುತ್ತೆ ಅನ್ನುವುದೆಲ್ಲ ಸುಮ್ನೆ. ಆದರೆ ನಾಳದಲ್ಲಿ ಮುಂದೆ ಹೋಗಿಬಿಟ್ಟಿದ್ದು ಖಾಲಿಯಾಗಲು ಮೂರು ತಿಂಗಳು ಬೇಕು. ಆಪರೇಷನ್ ಆದ ದಿನವೇ ಧೈರ್ಯವಾಗಿ ಇರಬೇಡಿ. ಟೆಸ್ಟ್ ಮಾಡಿಸಿ, ಇಲ್ಲ ಅಂತ ಬರೆದುಕೊಟ್ಟ ಮೇಲೆ ಇರಿ.

ಈಗ ನನ್ನ ಮೇಜಿಗೆ ಬರೋಣ. ವೀರ್ಯ ಅಂದರೆ ಎಲ್ಲ ವೀರ್ಯಾಣುವೇ ಅಂತ ಜನ ತಿಳಿದಿದ್ದಾರೆ. ಡಬ್ಬಿಯಲ್ಲಿ ಬರುವ ಎರಡು ಮೂರು ಮಿಲಿಲೀಟರಿನಲ್ಲಿ ವೀರ್ಯಾಣುವಿನ ಪಾಲು ನೂರಕ್ಕೆ ಐದರ ಆಸುಪಾಸು. ಮಿಕ್ಕಿದ್ದು ರಸ. ಮುಕ್ಕಾಲು ಭಾಗದ ಹತ್ತಿರ ಹತ್ತಿರ ವೀರ್ಯಕೋಶ ಅನ್ನುವ ಎರಡು ಚೀಲಗಳದ್ದು. ಅದರಲ್ಲಿ ಫ್ರಕ್ಟೋಸ್ ಸಕ್ಕರೆ ಇರುತ್ತದೆ, ಈಜುವವರಿಗೆ ಬುತ್ತಿ. ಉಳಿದದ್ದರಲ್ಲಿ ಹೆಚ್ಚಿನದು ಪ್ರಾಸ್ಟೇಟ್ ಗ್ರಂಥಿಯದ್ದು. ಹಾಗಾಗಿ ಸಂತಾನಹರಣ ಆಪರೇಷನ್ ಆದವರ ವೀರ್ಯ ಕಣ್ಣಿಗೆ ಮೊದಲಿನ ಹಾಗೇ ಕಾಣುತ್ತದೆ.

ಡಬ್ಬಿ ಬಂದ ತಕ್ಷಣ ನಾನು ಮುಟ್ಟುವುದಿಲ್ಲ. ಆಗ ಅದು ಲೋಳೆಯಂತೆ ಗಟ್ಟಿ. ವೀರ್ಯಕೋಶದ ಪ್ರೋಟೀನು ಅದನ್ನು ಗಟ್ಟಿ ಮಾಡುತ್ತದೆ, ಪ್ರಾಸ್ಟೇಟಿನ ಪಿಎಸ್ಎ ಅನ್ನುವ ಕಿಣ್ವ ಕರಗಿಸುತ್ತದೆ. ಹೌದು, ವಯಸ್ಸಾದವರಿಗೆ ರಕ್ತದಲ್ಲಿ ಪರೀಕ್ಷೆ ಮಾಡುತ್ತಾರಲ್ಲ, ಅದೇ ಪಿಎಸ್ಎ. ಅದರ ನಿಜವಾದ ಕೆಲಸ ಇದು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ನೀರಾಗುತ್ತದೆ. ಆಮೇಲೆ ಒಂದು ಸಣ್ಣ ಹನಿ, 10 ಮೈಕ್ರೋಲೀಟರ್, ಸ್ಲೈಡಿನ ಮೇಲೆ. ಮೇಲೆ ಗಾಜಿನ ಚೂರು. 400 ಪಟ್ಟು ದೊಡ್ಡದಾಗಿ ಕಾಣುತ್ತದೆ. ಚೆನ್ನಾಗಿರುವ ಸ್ಯಾಂಪಲ್ ಆದರೆ ಮಳೆಗಾಲದ ಮೊದಲ ದಿನ ಕೆರೆಯಂಚಿನ ನೀರು ನೋಡಿದ ಹಾಗಿರುತ್ತದೆ. ಕೆಲವು ನೇರ ಹೋಗುತ್ತವೆ. ಕೆಲವು ಒಂದೇ ಕಡೆ ಗಿರಗಿರ ಸುತ್ತುತ್ತವೆ. ಕೆಲವು ಬಾಲ ಆಡಿಸುತ್ತ ನಿಂತಲ್ಲೇ ನಿಂತಿರುತ್ತವೆ. ಆಮೇಲೆ ಬಣ್ಣ ಹಾಕಿ ಆಕಾರ ನೋಡುತ್ತೇನೆ. ಎರಡು ತಲೆ, ಎರಡು ಬಾಲ, ಮುರಿದ ಕುತ್ತಿಗೆ, ಸುರುಳಿ ಬಾಲ ಎಲ್ಲ ಇರುತ್ತವೆ. ನೂರಕ್ಕೆ ನಾಲ್ಕು ಸರಿಯಾದ ಆಕಾರದಲ್ಲಿದ್ದರೆ ಸಾಕು. ‘ಅಂದ್ರೆ 96 ಕೆಟ್ಟಿದೆಯಾ ಮೇಡಂ?’ ಅಂತ ಪ್ರತಿ ವಾರ ಒಬ್ಬರಾದರೂ ಕೇಳುತ್ತಾರೆ. ಎಲ್ಲರದ್ದೂ ಹಾಗೇ ಅಪ್ಪಾ. ನನ್ನನ್ನು ನಿನ್ನನ್ನು ಹುಟ್ಟಿಸಿದವರದ್ದೂ ಹಾಗೇ ಇತ್ತು.

ಸೊನ್ನೆ ಬಂದರೆ ಹಾಗೇ ಬರೆದುಬಿಡುವುದಿಲ್ಲ. ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳಕ್ಕೆ ಕೂತಿದ್ದನ್ನು ಮತ್ತೆ ನೋಡುತ್ತೇನೆ. ಎಷ್ಟೋ ಸಲ ಆ ತಳದಲ್ಲಿ ಎರಡೋ ಮೂರೋ ಸಿಕ್ಕಿವೆ. 1992ರಲ್ಲಿ ಬಂದ ಇಕ್ಸಿ ವಿಧಾನದಲ್ಲಿ ಒಂದು ಅಂಡಕ್ಕೆ ಒಂದೇ ವೀರ್ಯಾಣು ಚುಚ್ಚಿದರೂ ಆಗುತ್ತದೆ. ಆದ್ದರಿಂದ ಸೊನ್ನೆಗೂ ಎರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಏನೂ ಸಿಗದಿದ್ದಾಗ ರಸ ಮಾತಾಡುತ್ತದೆ. ಒಬ್ಬರದ್ದು ಅರ್ಧ ಮಿಲಿಲೀಟರ್ ಮಾತ್ರ ಇತ್ತು, ಹುಳಿ ಗುಣ, ಫ್ರಕ್ಟೋಸ್ ಇಲ್ಲವೇ ಇಲ್ಲ. ಸಕ್ಕರೆ ಇಲ್ಲ ಅಂದರೆ ವೀರ್ಯಕೋಶದ ರಸ ಬಂದಿಲ್ಲ. ಹುಳಿ ಅಂದರೆ ಬಂದಿರುವುದು ಬರೀ ಪ್ರಾಸ್ಟೇಟಿನದ್ದು. ಡಾಕ್ಟರು ಮುಟ್ಟಿ ನೋಡಿದರು. ಎರಡೂ ಕಡೆ ವೀರ್ಯನಾಳವೇ ಇರಲಿಲ್ಲ, ಹುಟ್ಟಿನಿಂದಲೇ. ಕಾರ್ಖಾನೆ ನಡೆಯುತ್ತಲೇ ಇತ್ತು, ರಸ್ತೆ ಇರಲಿಲ್ಲ. ವೃಷಣದ ಪಕ್ಕದಿಂದಲೇ ಸೂಜಿಯಲ್ಲಿ ತೆಗೆದರು. ಹಾಗೆ ಹುಟ್ಟಿದ ಅವರ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳ ಅಮ್ಮನಿಗೆ ಅದಕ್ಕೂ ಮೊದಲು ಐದು ವರ್ಷ ಔಷಧಿ ಕೊಟ್ಟಿದ್ದರು ಅನ್ನುವುದನ್ನು ನಾನು ಮರೆಯುವುದಿಲ್ಲ.

ಪ್ರಾಸ್ಟೇಟ್ ಬಗ್ಗೆ ಎರಡೇ ಮಾತು. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಉಂಗುರದ ಹಾಗೆ ಸುತ್ತಿಕೊಂಡಿದೆ. ವಯಸ್ಸಾದಂತೆ ದೊಡ್ಡದಾಗುತ್ತದೆ, ಉಂಗುರ ಬಿಗಿಯಾಗುತ್ತದೆ. ರಾತ್ರಿ ನಾಲ್ಕು ಸಲ ಏಳುವುದು ಅದರಿಂದಲೇ ಇರಬಹುದು.

ಕೊನೆಗೆ ಶಿಶ್ನ. ಗಂಡಸರು ಇಡೀ ವ್ಯವಸ್ಥೆ ಅಂದರೆ ಇದೊಂದೇ ಅಂದುಕೊಂಡಿದ್ದಾರೆ. ‘ನನ್ನದೇನೂ ತೊಂದರೆ ಇಲ್ಲ, ಎಲ್ಲ ಸರಿಯಾಗೇ ನಡೀತಿದೆ’ ಅಂತ ಟೆಸ್ಟಿಗೆ ಬರದವರು ಹೇಳುವ ಮಾತು ಇದೇ. ಸ್ವಾಮಿ, ಅದು ಬೇರೆ, ಇದು ಬೇರೆ. ನಿಮಿರುವುದು ರಕ್ತದ ಕೆಲಸ. ಅಲ್ಲಿ ಎಲುಬಿಲ್ಲ. ಸ್ಪಂಜಿನಂಥ ಮೂರು ಕಂಬಗಳಿವೆ. ನರದಿಂದ ಸೂಚನೆ ಬಂದಾಗ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಹುಟ್ಟಿ ರಕ್ತನಾಳ ಸಡಿಲವಾಗುತ್ತದೆ, ಮೇಲಿನ ಎರಡು ಕಂಬಗಳಲ್ಲಿ ರಕ್ತ ತುಂಬಿ, ಹೊರಗೆ ಹೋಗುವ ದಾರಿ ಅದುಮಿಕೊಳ್ಳುತ್ತದೆ. ಇದೆಲ್ಲ ಅಚ್ಚುಕಟ್ಟಾಗಿ ನಡೆಯುವ ಗಂಡಸಿನ ಸ್ಲೈಡ್ ಖಾಲಿ ಇರಬಹುದು. ಇದು ನಡೆಯದವನ ಸ್ಲೈಡ್ ತುಂಬಿ ತುಳುಕಬಹುದು. ಇನ್ನೊಂದು, ನನ್ನ ಲ್ಯಾಬಿನ ವಿಷಯ ಅಲ್ಲದಿದ್ದರೂ ಹೇಳುತ್ತೇನೆ. ಅಲ್ಲಿನ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು. ಕೊಬ್ಬು ಕಟ್ಟಲು ಶುರುವಾದರೆ ತೊಂದರೆ ಮೊದಲು ಅಲ್ಲೇ ಕಾಣಿಸಬಹುದು, ಎದೆನೋವಿಗೆ ಎಷ್ಟೋ ಮೊದಲು. ನಾಚಿಕೊಂಡು ಗುಟ್ಟಾಗಿ ಮಾತ್ರೆ ನುಂಗುವವರು ಒಂದು ಸಲ ಬಿಪಿ, ಶುಗರ್ ನೋಡಿಸಿಕೊಳ್ಳಲಿ.

ಮೂತ್ರಕ್ಕೂ ವೀರ್ಯಕ್ಕೂ ಕೊನೆಯ ದಾರಿ ಒಂದೇ. ವೀರ್ಯ ಬರುವ ಹೊತ್ತಿಗೆ ಮೂತ್ರಕೋಶದ ಬಾಯಿ ಬಿಗಿಯಾಗಿ ಮುಚ್ಚುತ್ತದೆ. ಶುಗರ್ ಹಳೆಯದಾಗಿ ನರ ಸೋತವರಲ್ಲಿ ಕೆಲವೊಮ್ಮೆ (ಇಲ್ಲಿ ಆ ಪದ ಸರಿ) ಅದು ಮುಚ್ಚುವುದಿಲ್ಲ. ಎಲ್ಲ ಹಿಂದಕ್ಕೆ ಹೋಗುತ್ತದೆ. ಖಾಲಿ ಡಬ್ಬಿ ಹಿಡಿದು ಮುಖ ಸಪ್ಪೆ ಮಾಡಿಕೊಂಡು ಬರುತ್ತಾರೆ. ಮೂತ್ರ ಕೊಡಿ ಅನ್ನುತ್ತೇನೆ. ಅದರಲ್ಲಿ ಸಿಗುತ್ತವೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಮಕ್ಕಳಾಗುವುದು ಒಂದೇ ಕಾರಣ ಅಲ್ಲ. ನನ್ನ ತಮ್ಮನಿಗೆ ಆಗ 14. ಒಂದು ರಾತ್ರಿ ಇದ್ದಕ್ಕಿದ್ದಂತೆ ಹೊಟ್ಟೆನೋವು ಅಂತ ಒದ್ದಾಡಿದ, ವಾಂತಿ ಮಾಡಿಕೊಂಡ. ಅಮ್ಮ ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟರು. ಬೆಳಿಗ್ಗೆ ಡಾಕ್ಟರೊಬ್ಬರು ಹೊಟ್ಟೆ ಒತ್ತಿ ನೋಡಿ ಗ್ಯಾಸಿನ ಮಾತ್ರೆ ಕೊಟ್ಟರು, ಚಡ್ಡಿ ಬಿಚ್ಚಿಸಲಿಲ್ಲ. ಮಧ್ಯಾಹ್ನ ಅವನು ನನ್ನೊಬ್ಬಳ ಹತ್ತಿರ, ಗೋಡೆ ಕಡೆ ಮುಖ ಮಾಡಿಕೊಂಡು, ‘ಅಕ್ಕಾ, ಹೊಟ್ಟೆ ಅಲ್ಲ, ಕೆಳಗೆ’ ಅಂದ. ವೃಷಣ ತನ್ನ ಹುರಿಯಲ್ಲೇ ತಿರುಚಿಕೊಂಡು ರಕ್ತ ನಿಂತುಹೋಗಿತ್ತು. ಇದಕ್ಕೆ ಸಿಗುವ ಸಮಯ ಸುಮಾರು ಆರು ಗಂಟೆ. ಆಗಲೇ ಹದಿನಾಲ್ಕು ಗಂಟೆ ಆಗಿತ್ತು. ಒಂದನ್ನು ತೆಗೆದರು. ಇನ್ನೊಂದು ತಿರುಚದಂತೆ ಹೊಲಿದರು. ಅವನು ಚೆನ್ನಾಗಿದ್ದಾನೆ, ಇಬ್ಬರು ಹೆಣ್ಣುಮಕ್ಕಳು. ಒಂದೇ ಇದ್ದರೂ ಸಾಕಾಗುತ್ತದೆ. ಆದರೆ ಮೊನ್ನೆ ಕೂಡ ಕೇಳಿದೆ, ‘ಅವತ್ತು ರಾತ್ರಿಯೇ ಯಾಕೋ ಹೇಳಲಿಲ್ಲ?’ ಅಂತ. ‘ಏನಂತ ಹೇಳಲಿ ಅಕ್ಕಾ? ನನಗೆ ಗೊತ್ತಿದ್ದ ಪದ ಎಲ್ಲ ಬೈಗುಳ. ಅಮ್ಮನ ಮುಂದೆ ಹೇಳಕ್ಕಾಗುತ್ತಾ?’

ನಿಮ್ಮ ಪುಟ ಮನೆಯವರೆಲ್ಲ ಓದುವ ಪುಟ, ಇಂಥದ್ದು ಹೇಗೆ ಹಾಕುವುದು ಅಂತ ನಿಮಗೆ ಅನಿಸಬಹುದು. ವೀರ್ಯಾಣುವಿನ ಬಗ್ಗೆ ಮೊದಲು ಬರೆದ ಲೇವನ್‌ಹುಕ್‌ಗೂ ಹಾಗೇ ಅನಿಸಿತ್ತು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ಡಾಕ್ಟರಲ್ಲ. ತಾನೇ ಉಜ್ಜಿದ ಮಸೂರದಲ್ಲಿ ನೋಡಿ 1677ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಸ್ಯಾಂಪಲ್ ಯಾವ ಪಾಪದ ದಾರಿಯಿಂದಲೂ ಬಂದಿದ್ದಲ್ಲ, ತನ್ನ ದಾಂಪತ್ಯದ್ದೇ ಅಂತ ಪಾಪ ಬಿಡಿಸಿ ಹೇಳಿಕೊಂಡ. ವಿದ್ವಾಂಸರಿಗೆ ಅಸಹ್ಯ ಅನಿಸಿದರೆ ಅಚ್ಚು ಹಾಕಬೇಡಿ ಅಂತಲೂ ಸೇರಿಸಿದ. ಅವರು ಹಾಕಿದರು.

ನಿಮ್ಮ ಚಿತ್ರಕಾರರಿಗೆ ಒಂದು ಮಾತು ತಿಳಿಸಿಬಿಡಿ. ಎರಡು ವೃಷಣವನ್ನೂ ಸಮನಾಗಿ ಬರೆಯುವುದು ಬೇಡ. ಹೆಚ್ಚಿನವರಲ್ಲಿ ಎಡಗಡೆಯದು ಸ್ವಲ್ಪ ಕೆಳಗಿರುತ್ತದೆ, ಹಾಗೇ ಬರೆಯಲಿ. ಇಲ್ಲದಿದ್ದರೆ ನಿಮ್ಮ ಪೇಪರ್ ಕೈಯಲ್ಲಿ ಹಿಡಿದು, ‘ಮೇಡಂ, ನನ್ನದು ಹೀಗಿಲ್ಲ’ ಅಂತ ಮರುದಿನ ನನ್ನ ಕಿಟಕಿ ಮುಂದೆ ನಾಲ್ಕು ಜನ ನಿಂತಿರುತ್ತಾರೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು, ಲ್ಯಾಬ್ ಟೆಕ್ನಿಷಿಯನ್
(ಹೆಸರು ಹಾಕಬೇಡಿ. ಅತ್ತೆ ನಿಮ್ಮ ಪೇಪರ್ ಓದುತ್ತಾರೆ.)